ವಿಷ ತೆಗೆದುಕೊಟ್ಟವರಿಗೂ ನಮಸ್ಕಾರ

ಹಾವು ಕಚ್ಚಿದ್ದ ಅಪ್ಪ ಈಗ ಹುಷಾರಾಗಿದ್ದಾರೆ. ಡಯಾಲಿಸಿಸ್ ನಿಂತಿದೆ, ಕಾಲಿನ ಊತವೂ ಇಳಿದಿದೆ. ಫೋನ್ ಮಾಡಿ ವಿಚಾರಿಸಿದವರು ತುಂಬಾ ಜನ, ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ರಾತ್ರಿ ಕರೆಂಟು ಬಂದಾಗ ಕಬ್ಬಿಗೆ ನೀರು ಕಟ್ಟಲು ಹೋಗಿದ್ದರು. ತರಗಿನಡಿ ಇದ್ದ ಕೊಳಕುಮಂಡಲ ಕಚ್ಚಿತು. ಪಕ್ಕದ ಗದ್ದೆಯ ಅಣ್ಣ ಹಗ್ಗ ಬಿಗಿಯಲಿಲ್ಲ, ಗಾಯ ಕುಯ್ಯಲಿಲ್ಲ. ಅಪ್ಪನನ್ನು ನಡೆಯಲೂ ಬಿಡದೆ ಹೊತ್ತು ತಂದು, ಆಟೋದಲ್ಲಿ ನೇರ ಮಂಡ್ಯದ ಆಸ್ಪತ್ರೆಗೆ ಸೇರಿಸಿದರು. ಅಣ್ಣಾ, ನಿಮ್ಮ ಋಣ ತೀರಿಸೋದಕ್ಕೆ ಆಗಲ್ಲ.

ಡ್ಯೂಟಿ ಡಾಕ್ಟರು ರಕ್ತ ತೆಗೆದು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲುಗಿಸದೆ ಇಟ್ಟರು. ಆಮೇಲೆ ಓರೆ ಮಾಡಿದರೆ ರಕ್ತ ಹೆಪ್ಪುಗಟ್ಟಿರಲೇ ಇಲ್ಲ, ನೀರಿನ ಹಾಗೆ ಹರಿಯಿತು. ಮೈಗೆ ವಿಷ ಏರಿದೆ ಅಂತ ತಕ್ಷಣ ಹಾವಿನ ವಿಷ ಇಳಿಸುವ ಔಷಧಿ ಶುರು ಮಾಡಿದರು. ಬಾಟಲಿಯಲ್ಲಿ ಬಿಳಿ ಪುಡಿ. ಸಿಸ್ಟರ್ ನೀರು ಬೆರೆಸಿ, ನೊರೆ ಬರದಂತೆ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸುತ್ತಾ ಒಂದೊಂದೇ ಕರಗಿಸುತ್ತಿದ್ದರು. ಆ ಡಾಕ್ಟರಿಗೆ, ಸಿಸ್ಟರಿಗೆ, ಡಯಾಲಿಸಿಸ್ ವಾರ್ಡಿನವರಿಗೆ ಕೈಮುಗಿಯುತ್ತೇನೆ.

ಇನ್ನೂ ಕೆಲವರಿದ್ದಾರೆ. ಅವರಿಗೆ ನಮ್ಮ ಊರಿನ ಹೆಸರೂ ಗೊತ್ತಿಲ್ಲ. ಚೆನ್ನೈ ಹತ್ತಿರ ವಡನೆಮ್ಮೇಲಿಯ ಮೊಸಳೆ ಪಾರ್ಕಿನ ಆವರಣದಲ್ಲಿ ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘವಿದೆ. 1978ರಲ್ಲಿ ಹಾವುಗಳ ತಜ್ಞ ರೋಮುಲಸ್ ವಿಟೇಕರ್ ಅವರ ಜೊತೆ ಸೇರಿ ಕಟ್ಟಿದ್ದು. ಮೊದಲು ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಜನ. ಆ ವ್ಯಾಪಾರ ನಿಂತ ಮೇಲೆ ಅದೇ ಕೈಚಳಕ ಜೀವ ಉಳಿಸುವ ಕಡೆ ತಿರುಗಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕನ್ನೂ ಹಿಡಿದು ತರುತ್ತಾರೆ. ಗಾಜಿನ ಪಾತ್ರೆಯ ಬಾಯಿಗೆ ತೆಳು ಪೊರೆ ಬಿಗಿದು ಹಾವಿನಿಂದ ಕಚ್ಚಿಸಿದರೆ ಒಳಗೆ ಬೀಳುವುದು ಕೆಲವೇ ಹನಿ. ಕೆಲವು ವಾರ ಇಟ್ಟುಕೊಂಡು, ಹೊಟ್ಟೆಯ ಹುರುಪೆಗೆ ಗುರುತು ಮಾಡಿ, ಮತ್ತೆ ಕಾಡಿಗೇ ಬಿಡುತ್ತಾರೆ. ಆ ವಿಷವನ್ನು ಚೂರು ಚೂರೇ ಕುದುರೆಗೆ ಚುಚ್ಚುತ್ತಾ ಹೋಗಿ, ಅದರ ರಕ್ತದಿಂದ ಔಷಧಿ ಮಾಡುವುದು. ಅಂದರೆ ಬರಿಗೈಯಲ್ಲಿ ಮಂಡಲದ ಕತ್ತು ಹಿಡಿಯುವ ಒಬ್ಬರು ಇಲ್ಲದಿದ್ದರೆ ಸಿಸ್ಟರ್ ಕೈಯಲ್ಲಿ ಆ ಬಾಟಲಿಯೇ ಇರುತ್ತಿರಲಿಲ್ಲ, ಅಲ್ವಾ?

2023ರಲ್ಲಿ ಇರುಳರಾದ ಮಾಸಿ ಸಡೈಯನ್, ವಡಿವೇಲ್ ಗೋಪಾಲ್ ಅವರಿಗೆ ಪದ್ಮಶ್ರೀ ಬಂತು. ಆಗ ಪೇಪರಿನಲ್ಲಿ ಸುಮ್ನೆ ಓದಿದ್ದ ಸುದ್ದಿ. ಈಗ ಆ ಹೆಸರುಗಳು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ಸಂಘಕ್ಕೆ ಕಾಗದ ಬರೆದಿದ್ದೇವೆ. ಅಪ್ಪ ಹೇಳಿದ್ದನ್ನು ತಮಿಳಿನಲ್ಲಿ ಬರೆದುಕೊಟ್ಟ ಮೈಸೂರಿನ ಗೆಳೆಯನಿಗೂ ಥ್ಯಾಂಕ್ಸ್.