ಏಪ್ರಿಲ್ 1ರಿಂದ ಸಂಬಳ ಪಾವತಿಯಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಬೆಂಗಳೂರು
ಫೆಬ್ರುವರಿ 2026

ಮಾನ್ಯ ಗ್ರಾಹಕರೇ,

ಜಯನಗರ, ಬನಶಂಕರಿ ಮತ್ತು ಜೆ.ಪಿ. ನಗರದ ಮನೆಗಳಲ್ಲಿ ಕಸ ಗುಡಿಸಿ ನೆಲ ಒರೆಸುವ, ಪಾತ್ರೆ ತೊಳೆಯುವ, ಅಡುಗೆ ಮಾಡುವ, ಮಕ್ಕಳನ್ನೂ ವಯಸ್ಸಾದವರನ್ನೂ ನೋಡಿಕೊಳ್ಳುವ 64 ಮಹಿಳೆಯರು ಸೇರಿ ನಡೆಸುತ್ತಿರುವ ನಮ್ಮ ಸಹಕಾರ ಸಂಘವು ಈವರೆಗೆ ತಮಗೆ ಕೆಲಸದವರನ್ನು ಗೊತ್ತುಮಾಡಿಕೊಟ್ಟು, ವರ್ಷಕ್ಕೊಮ್ಮೆ ಸೇವಾ ಶುಲ್ಕ ಪಡೆಯುವುದಷ್ಟನ್ನೇ ಮಾಡುತ್ತಿತ್ತು. ಸಂಬಳವನ್ನು ತಾವು ತಿಂಗಳ ಮೊದಲ ವಾರದಲ್ಲಿ ಅವರ ಕೈಗೇ ಕೊಡುತ್ತಿದ್ದಿರಿ. 2026ರ ಏಪ್ರಿಲ್ 1ರಿಂದ ಈ ಪದ್ಧತಿ ಬದಲಾಗುತ್ತದೆ. ಅಂದಿನಿಂದ ಸಂಘವೇ ಸದಸ್ಯೆಯರಿಗೆ ನೇಮಕಾತಿ ಪತ್ರ ಕೊಟ್ಟು, ಸಂಬಳವನ್ನು ಬ್ಯಾಂಕ್ ಖಾತೆಗೆ ಹಾಕಿ, ಅವರ ಹೆಸರಿನಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಮತ್ತು ಪಿಎಫ್ (ಭವಿಷ್ಯ ನಿಧಿ) ವಂತಿಗೆ ಕಟ್ಟುತ್ತದೆ. ತಮಗೆ ತಿಂಗಳಿಗೊಂದು ಬಿಲ್ ಬರುತ್ತದೆ. ಇದರಿಂದ ತಮ್ಮ ಖರ್ಚು ಹೆಚ್ಚಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಎಷ್ಟು, ಏಕೆ ಎಂಬುದನ್ನು ಮುಂದೆ ವಿವರಿಸಿದ್ದೇವೆ.

ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯೆಯೊಬ್ಬರು ಒಂದು ಮನೆಯ ಕೆಲಸ ಮುಗಿಸಿ ಇನ್ನೊಂದು ಮನೆಗೆ ಹೋಗುತ್ತಿದ್ದಾಗ ರಸ್ತೆಯಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡರು. ಏಳು ವಾರ ಕೆಲಸವಿಲ್ಲ. ಅವರು ದುಡಿಯುತ್ತಿದ್ದ ಮೂರು ಮನೆಗಳ ಪೈಕಿ ಒಂದರವರು ಪೂರ್ತಿ ಸಂಬಳ ಕೊಟ್ಟರು, ಇನ್ನೊಂದರವರು ಅರ್ಧ ಕೊಟ್ಟರು, ಮತ್ತೊಂದು ಮನೆಯಲ್ಲಿ ಎರಡನೆಯ ವಾರಕ್ಕೇ ಬೇರೆಯವರನ್ನು ಇಟ್ಟುಕೊಂಡರು. ಯಾರನ್ನೂ ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಮೂರು ಮನೆಗಳಿಗೆ ದುಡಿಯುವ ಹೆಂಗಸು ಬಿದ್ದದ್ದು ಎರಡು ಮನೆಗಳ ನಡುವಿನ ದಾರಿಯಲ್ಲಿ ಎಂದಾದರೆ ಆಕೆಯ ಹೊಣೆ ಯಾರದು ಎಂಬ ಪ್ರಶ್ನೆಗೆ ನಮ್ಮ ಬಳಿಯೂ ಉತ್ತರವಿರಲಿಲ್ಲ ಎಂಬುದೇ ನಮ್ಮನ್ನು ಕಾಡಿದ ಸಂಗತಿ.

ಕಾನೂನಿನಲ್ಲಿ ತೊಡಕಿರುವುದೂ ಇಲ್ಲಿಯೇ. ಕರ್ನಾಟಕ ಸರ್ಕಾರ ಮನೆಗೆಲಸಕ್ಕೆ ಕನಿಷ್ಠ ವೇತನವನ್ನು 2004ರಲ್ಲೇ ಅಧಿಸೂಚಿಸಿತು. ಆದರೆ ಇಎಸ್‌ಐ ಅನ್ವಯವಾಗುವುದು ಸಾಮಾನ್ಯವಾಗಿ 10 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ, ಪಿಎಫ್ ಅನ್ವಯವಾಗುವುದು 20 ಅಥವಾ ಹೆಚ್ಚು ಜನರಿರುವಲ್ಲಿಗೆ. ಒಬ್ಬರನ್ನೋ ಇಬ್ಬರನ್ನೋ ಇಟ್ಟುಕೊಂಡ ಮನೆ ಈ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ತಿಂಗಳಿಗೆ ಹನ್ನೆರಡು ಸಾವಿರ ದುಡಿಯುವ ಕಾರ್ಖಾನೆಯ ಹೆಣ್ಣುಮಗಳಿಗೆ ಸಿಗುವ ವಿಮೆ, ಅಷ್ಟೇ ಹಣವನ್ನು ಮೂರು ಮನೆಗಳಿಂದ ದುಡಿಯುವವರಿಗೆ ಸಿಗುತ್ತಿಲ್ಲ. ಮೂರು ತುಂಡು ಸಂಬಳವನ್ನು ಸಂಘದ ಮೂಲಕ ಒಂದೇ ಸಂಬಳವಾಗಿ ಮಾಡಿದರೆ ಆ ಬಾಗಿಲು ತೆರೆಯುತ್ತದೆ. ಈ ಬದಲಾವಣೆಯ ತಿರುಳು ಇಷ್ಟೇ.

ಈಗ ಲೆಕ್ಕ. ತಾವು ಸದ್ಯ ತಿಂಗಳಿಗೆ 4,000 ರೂಪಾಯಿ ಕೊಡುತ್ತಿದ್ದೀರಿ ಎಂದಿಟ್ಟುಕೊಳ್ಳೋಣ. ಇಎಸ್‌ಐಗೆ ಸದಸ್ಯೆಯ ಪಾಲು ಸಂಬಳದ ಶೇ 0.75, ಪಿಎಫ್‌ಗೆ ಶೇ 12. ಇದನ್ನು 4,000ದಲ್ಲೇ ಮುರಿದುಕೊಂಡರೆ ಕೈಗೆ ಸುಮಾರು 3,490 ಮಾತ್ರ ಉಳಿಯುತ್ತದೆ. ನಮ್ಮ ಸಭೆಯಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಈ ವಿಷಯವೇ; ‘ಮುದುಕಿಯಾದ ಮೇಲೆ ಬರುವ ದುಡ್ಡು ಸರಿ, ಈ ತಿಂಗಳ ಬಾಡಿಗೆ ಯಾರು ಕಟ್ಟುತ್ತಾರೆ’ ಎಂದು ಹಿರಿಯ ಸದಸ್ಯೆಯೊಬ್ಬರು ಕೇಳಿದ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದ್ದರಿಂದ ಯಾರ ಕೈಗೆ ಬರುವ ಹಣವೂ ಕಡಿಮೆಯಾಗಬಾರದೆಂದು ನಿರ್ಧರಿಸಿ, 4,000 ಇದ್ದಲ್ಲಿ ಸಂಬಳವನ್ನು 4,600ಕ್ಕೆ ನಿಗದಿ ಮಾಡಿದ್ದೇವೆ. ಅದರ ಮೇಲೆ ಉದ್ಯೋಗದಾತರ ಪಾಲಾಗಿ ಇಎಸ್‌ಐಗೆ ಶೇ 3.25, ಅಂದರೆ ಸುಮಾರು 150 ರೂಪಾಯಿ. ಪಿಎಫ್‌ಗೆ ಶೇ 12 ಹಾಗೂ ಅದರೊಂದಿಗೆ ಬರುವ ಜೀವವಿಮೆ ಮತ್ತು ಆಡಳಿತ ವೆಚ್ಚಕ್ಕೆ ಶೇ 1 ಸೇರಿ 598 ರೂಪಾಯಿ. ಸಂಘದ ಲೆಕ್ಕಪತ್ರದ ಖರ್ಚಿಗೆ 200 ರೂಪಾಯಿ. ಹಳೆಯ ವಾರ್ಷಿಕ ಸೇವಾ ಶುಲ್ಕ ಇನ್ನಿರುವುದಿಲ್ಲ. ಒಟ್ಟು 5,548. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ಮೀರುವುದರಿಂದ ಇದರ ಮೇಲೆ ಶೇ 18 ಜಿಎಸ್‌ಟಿ ಸೇರಿ ತಮ್ಮ ಬಿಲ್ 6,547 ರೂಪಾಯಿ ಆಗುತ್ತದೆ. ತೆರಿಗೆಯ ಈ 999 ರೂಪಾಯಿಯಲ್ಲಿ ಒಂದು ಪೈಸೆಯೂ ಸದಸ್ಯೆಗಾಗಲಿ ಸಂಘಕ್ಕಾಗಲಿ ಉಳಿಯುವುದಿಲ್ಲ. ಮನೆಗೆಲಸದವರಿಗೆ ವಿಮೆ ಮಾಡಿಸುವ ಸಂಘಕ್ಕೂ ದೊಡ್ಡ ಏಜೆನ್ಸಿಗೂ ಒಂದೇ ತೆರಿಗೆ ಎಂಬುದು ನಮಗೆ ಸರಿಯೆನಿಸುವುದಿಲ್ಲವಾದರೂ, ಇರುವ ಕಾನೂನನ್ನು ಪಾಲಿಸದೆ ಬೇರೆ ದಾರಿಯಿಲ್ಲ.

ಈ ಹಣಕ್ಕೆ ಪ್ರತಿಯಾಗಿ ಆಕೆಗೆ ದೊರೆಯುವುದು ಕಡಿಮೆಯದೇನಲ್ಲ. ನೋಂದಣಿಯಾದ ದಿನದಿಂದಲೇ ಆಕೆಗೂ ಆಕೆಯನ್ನು ಅವಲಂಬಿಸಿದ ಕುಟುಂಬದವರಿಗೂ ಇಎಸ್‌ಐ ಚಿಕಿತ್ಸಾಲಯ ಮತ್ತು ಆಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗುತ್ತದೆ. ಬನಶಂಕರಿಯಿಂದ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ದೂರವೆಂಬುದು ನಿಜ. ಆದರೆ ಶಸ್ತ್ರಚಿಕಿತ್ಸೆಗೆಂದು ಸಾಲ ಮಾಡಿ ಬಡ್ಡಿ ಕಟ್ಟುತ್ತಿರುವವರು ನಮ್ಮಲ್ಲಿ ಹಲವರಿದ್ದಾರೆ, ಅವರಿಗೆ ಆ ದೂರ ಲೆಕ್ಕಕ್ಕಿಲ್ಲ. ಕೆಲಸದಲ್ಲಿ, ಅಥವಾ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಕೆಲಸಕ್ಕೆ ಸಂಬಂಧಪಟ್ಟಂತೆ ಪೆಟ್ಟಾದರೆ, ಗುಣವಾಗುವವರೆಗೆ ಸಂಬಳದ ಶೇ 90ರಷ್ಟು ಪರಿಹಾರವಿದೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಶೇ 70, ಹೆರಿಗೆಗೆ 26 ವಾರ ಪೂರ್ತಿ ಸಂಬಳ. ಈ ಎರಡಕ್ಕೂ ನಿಗದಿತ ದಿನಗಳ ವಂತಿಗೆ ಕಟ್ಟಿರಬೇಕು. ಇಎಸ್‌ಐ ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇನ್ನೊಂದು. ಮೊದಲ ಅವಧಿಯಲ್ಲಿ 78 ದಿನಗಳ ವಂತಿಗೆ ಪೂರೈಸಿದವರಿಗೆ ಕಾಯಿಲೆಯ ಭತ್ಯೆ ಬರುವ ಜನವರಿಯಿಂದ ಸಿಗುತ್ತದೆ. ನಾವು ಏಪ್ರಿಲ್ 1ನ್ನೇ ಆರಿಸಿಕೊಂಡ ಕಾರಣ ಇದು.

ಪಿಎಫ್‌ನ ವಿಷಯದಲ್ಲಿ ಒಂದು ಮಿತಿಯನ್ನು ಸದಸ್ಯೆಯರಿಗೆ ಹೇಳಿದಂತೆ ತಮಗೂ ಹೇಳಬೇಕು. ಸಂಘದ ಪಾಲಿನ ಶೇ 12ರಲ್ಲಿ ಶೇ 8.33 ಪಿಂಚಣಿ ನಿಧಿಗೆ ಹೋಗುತ್ತದೆ, ಪಿಂಚಣಿಗೆ ಕನಿಷ್ಠ 10 ವರ್ಷ ಸೇವೆ ಬೇಕು. ಐವತ್ತು ದಾಟಿದವರಿಗೆ ತಿಂಗಳ ಪಿಂಚಣಿ ದಕ್ಕುವುದು ಕಷ್ಟ. ಅವರಿಗೆ ಸಿಗುವುದು ಕೂಡಿಟ್ಟ ಹಣ ಮತ್ತು ಅದರ ಬಡ್ಡಿ. ಇಪ್ಪತ್ತು ವರ್ಷ ಮೊದಲೇ ಈ ಕೆಲಸ ಮಾಡಿದ್ದರೆ ಅವರಿಗೂ ಪಿಂಚಣಿ ಇರುತ್ತಿತ್ತು ಎಂಬ ಕೊರಗು ನಮಗಿದೆ.

ಇಷ್ಟು ಹೆಚ್ಚಳ ಭರಿಸಲಾಗದ ಮನೆಗಳಿವೆ. ನಿವೃತ್ತಿ ವೇತನದಲ್ಲೇ ಬದುಕುತ್ತಿರುವ ಹಿರಿಯರು, ಕೂಸನ್ನು ನೋಡಿಕೊಳ್ಳುವವರಿಲ್ಲದೆ ಕೆಲಸದವರನ್ನು ಇಟ್ಟುಕೊಂಡ ಚಿಕ್ಕ ಸಂಸಾರಗಳು ನಮ್ಮ ಗ್ರಾಹಕರಲ್ಲಿದ್ದಾರೆ. ಅಂಥವರಿಗಾಗಿ ಎರಡನೆಯ ದಾರಿಯನ್ನೂ ಇಟ್ಟಿದ್ದೇವೆ. ಅದರಲ್ಲಿ ಉದ್ಯೋಗದಾತರು ತಾವೇ. ಸಂಬಳದ ಮೇಲೆ ಜಿಎಸ್‌ಟಿ ಇರುವುದಿಲ್ಲ, ಸಂಘದ ಹಳೆಯ ವಾರ್ಷಿಕ ಶುಲ್ಕವೇ ಮುಂದುವರಿಯುತ್ತದೆ. ಬದಲಿಗೆ ಕೆಲಸ, ಸಮಯ, ಸಂಬಳ, ವಾರಕ್ಕೊಂದು ಸಂಬಳಸಹಿತ ರಜೆ ಇವನ್ನು ನಮೂದಿಸಿದ ಒಪ್ಪಂದಕ್ಕೆ ತಾವು ಸಹಿ ಹಾಕಬೇಕು, ಸಂಬಳವನ್ನು ಬ್ಯಾಂಕ್ ಮೂಲಕವೇ ಕೊಡಬೇಕು. ಸದಸ್ಯೆಯ ವಯಸ್ಸು 18ರಿಂದ 40ರ ನಡುವೆ ಇದ್ದರೆ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆಯ ತಿಂಗಳ ಕಂತನ್ನು ತಾವು ಕಟ್ಟಬೇಕೆಂದು ಕೋರುತ್ತೇವೆ. ಸೇರುವ ವಯಸ್ಸಿಗೆ ತಕ್ಕಂತೆ ಅದು 55ರಿಂದ 200 ರೂಪಾಯಿ; ಕೇಂದ್ರ ಸರ್ಕಾರವೂ ಅಷ್ಟೇ ಸೇರಿಸುತ್ತದೆ, 60ರ ನಂತರ ತಿಂಗಳಿಗೆ 3,000 ರೂಪಾಯಿ ಪಿಂಚಣಿ. ಇದಲ್ಲದೆ 50 ವರ್ಷದೊಳಗಿನವರಿಗೆ ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ ಜೀವವಿಮೆ, 70ರೊಳಗಿನವರಿಗೆ 20 ರೂಪಾಯಿಯ ಸುರಕ್ಷಾ ಅಪಘಾತ ವಿಮೆ. ಎರಡರಲ್ಲೂ ಎರಡು ಲಕ್ಷದ ಭದ್ರತೆ. ಅಸಂಘಟಿತ ಕಾರ್ಮಿಕರಿಗಾಗಿ ಇರುವ ಕೇಂದ್ರದ ಇ-ಶ್ರಮ್ ನೋಂದಣಿಯನ್ನೂ ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಸ್ಮಾರ್ಟ್ ಕಾರ್ಡನ್ನೂ ನಾವೇ ಮಾಡಿಸುತ್ತೇವೆ.

ಎರಡು ದಾರಿಗಳೂ ಸಮವಲ್ಲ. ಎರಡನೆಯದರಲ್ಲಿ ಆಸ್ಪತ್ರೆಯಿಲ್ಲ, ಹೆರಿಗೆ ಭತ್ಯೆಯಿಲ್ಲ. ಇಎಸ್‌ಐ ಅಥವಾ ಪಿಎಫ್ ಇರುವವರು ಮಾನ್‌ಧನ್ ಯೋಜನೆಗೆ ಸೇರುವಂತಿಲ್ಲವಾದ್ದರಿಂದ, ಒಬ್ಬ ಸದಸ್ಯೆಯ ಮೂರು ಮನೆಗಳು ಬೇರೆಬೇರೆ ದಾರಿ ಹಿಡಿದರೆ ತೊಡಕಾಗುತ್ತದೆ. ಅಂಥ ಸಂದರ್ಭದಲ್ಲಿ ಮೂರೂ ಮನೆಯವರನ್ನು ಒಟ್ಟಿಗೆ ಕೂರಿಸಿ ಮಾತನಾಡಲು ಸಂಘ ಸಿದ್ಧವಿದೆ. ನಮ್ಮ ಕೋರಿಕೆ, ಸಾಧ್ಯವಿದ್ದವರೆಲ್ಲ ಮೊದಲನೆಯ ದಾರಿಯನ್ನೇ ಆರಿಸಿಕೊಳ್ಳಬೇಕೆಂಬುದು.

ಹಬ್ಬಕ್ಕೆ ಸೀರೆ, ಮಕ್ಕಳ ಶಾಲೆಗೆ ನೆರವು ಇವೆಲ್ಲ ತಮ್ಮ ಪ್ರೀತಿಗೆ ಬಿಟ್ಟದ್ದು; ಅವು ಸಂಬಳದ ಲೆಕ್ಕಕ್ಕೆ ಸೇರುವುದಿಲ್ಲ, ಸಂಬಳಕ್ಕೆ ಬದಲೂ ಆಗುವುದಿಲ್ಲ. ಈಗಾಗಲೇ ಕೊಟ್ಟಿರುವ ಮುಂಗಡವಿದ್ದರೆ ಮಾರ್ಚ್ ಒಳಗೆ ತಿಳಿಸಿ, ತೀರಿಸುವ ಕಂತನ್ನು ಬರೆದಿಟ್ಟುಕೊಳ್ಳೋಣ. ವಂತಿಗೆಯನ್ನು ಮರುತಿಂಗಳ 15ರೊಳಗೆ ಕಟ್ಟಬೇಕಾದ್ದರಿಂದ ಬಿಲ್ಲಿನ ಹಣ 5ನೇ ತಾರೀಖಿನೊಳಗೆ ಸಂಘದ ಖಾತೆಗೆ ಬರಬೇಕು. ಯಾವ ದಾರಿ ಎಂಬುದನ್ನು ಈ ಪತ್ರದ ಜೊತೆಗಿರುವ ನಮೂನೆಯಲ್ಲಿ ಗುರುತುಮಾಡಿ ಮಾರ್ಚ್ 15ರೊಳಗೆ ತಲುಪಿಸಬೇಕೆಂದು ವಿನಂತಿ.

ಕೊನೆಯದಾಗಿ, ದರದ ಬಗ್ಗೆ ತಕರಾರಿದ್ದರೆ ದಯವಿಟ್ಟು ಸಂಘದ ಕಚೇರಿಗೆ ಬನ್ನಿ ಅಥವಾ ನಮ್ಮನ್ನೇ ಮನೆಗೆ ಕರೆಯಿರಿ. ‘ಹಳೆಯ ಸಂಬಳಕ್ಕೇ ಬರುತ್ತೀಯಾ’ ಎಂದು ಸದಸ್ಯೆಯನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಕೇಳಬೇಡಿ. ಆಕೆ ಒಬ್ಬಳೇ ನಿಂತು ಉತ್ತರಿಸಬೇಕಾದ ಪ್ರಶ್ನೆ ಅದಾಗಬಾರದೆಂದೇ ನಾವು ಸಂಘ ಕಟ್ಟಿಕೊಂಡದ್ದು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ