ಯುದ್ಧಕಾಲದ ಬ್ರಿಟನ್ನಿನ ಹಸಿರು ಪಡಿತರ ಪುಸ್ತಕ

ಮಾನ್ಯರೇ,

ಎರಡನೇ ಮಹಾಯುದ್ಧದ ಬ್ರಿಟನ್ ಎಂದೊಡನೆ ನಮ್ಮ ಪತ್ರಿಕೆಗಳಲ್ಲಿ ಬರುವುದು ಚರ್ಚಿಲ್ ಭಾಷಣ, ಲಂಡನ್ನಿನ ಮೇಲೆ ಸುರಿದ ಬಾಂಬು, ಸುರಂಗ ರೈಲು ನಿಲ್ದಾಣಗಳಲ್ಲಿ ಮಲಗಿದ ಜನ. 1940ರ ಸೆಪ್ಟೆಂಬರ್ 7ರಿಂದ ಸತತ 57 ರಾತ್ರಿ ದಾಳಿ ಕಂಡ ಊರು ಅದು. ಅಲ್ಲಿನವರ ಎದೆಗಾರಿಕೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆಹಾರ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಪಡಿತರ ಚೀಟಿ, ತಕ್ಕಡಿ, ಸರದಿ ಸಾಲುಗಳ ನಡುವೆ ಕಳೆದ ನನಗೆ, ಆ ಕಥೆಯಲ್ಲಿ ಅಡುಗೆಮನೆಯೇ ಕಾಣುವುದಿಲ್ಲವಲ್ಲ ಎಂಬ ಬೇಸರವಿದೆ.

ಯುದ್ಧಕ್ಕೆ ಮುನ್ನ ಬ್ರಿಟನ್ ವರ್ಷಕ್ಕೆ ಸುಮಾರು 2 ಕೋಟಿ ಟನ್ ಆಹಾರವನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿತ್ತು. ಆ ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸತೊಡಗಿದವು. 1940ರ ಜನವರಿ 8ರಂದು ಬೆಣ್ಣೆ, ಸಕ್ಕರೆ, ಬೇಕನ್‌ಗೆ (ಉಪ್ಪು ಹಾಕಿದ ಹಂದಿಮಾಂಸ) ಪಡಿತರ ಬಂತು. ಜುಲೈನಲ್ಲಿ ಚಹಾಕ್ಕೂ ಬಂತು. ಒಬ್ಬರಿಗೆ ವಾರಕ್ಕೆ 2 ಔನ್ಸ್ ಚಹಾಪುಡಿ, ಅಂದರೆ 57 ಗ್ರಾಂ. ಚಹಾ ಇಲ್ಲದೆ ಬೆಳಗಾಗದ ನಮ್ಮ ಮನೆಗಳವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಪ್ರತಿ ಕುಟುಂಬವೂ ಒಂದು ಅಂಗಡಿಯಲ್ಲಿ ಹೆಸರು ನೋಂದಾಯಿಸಿ ಅಲ್ಲೇ ಪಡಿತರ ತರಬೇಕಿತ್ತು. ಸಸ್ಯಾಹಾರಿ ಎಂದು ಬರೆಸಿಕೊಂಡವರು ಮಾಂಸದ ಕೂಪನ್ ಬಿಟ್ಟುಕೊಟ್ಟರೆ ಬದಲಿಗೆ ಹೆಚ್ಚು ಚೀಸ್ ಸಿಗುತ್ತಿತ್ತು.

ನನ್ನ ಮನಸ್ಸು ತಟ್ಟಿದ್ದು ಕೂಪನ್ ಇದ್ದ ಪಡಿತರ ಪುಸ್ತಕಗಳ ಬಣ್ಣ. ದೊಡ್ಡವರಿಗೆ ಮಾಸಲು ಹಳದಿ, ಐದರಿಂದ ಹದಿನಾರರ ಮಕ್ಕಳಿಗೆ ನೀಲಿ. ಗರ್ಭಿಣಿ, ಬಾಣಂತಿ ಮತ್ತು ಐದು ವರ್ಷದೊಳಗಿನ ಕೂಸುಗಳದ್ದು ಹಸಿರು. ಹಸಿರು ಪುಸ್ತಕ ತಂದವರಿಗೆ ದಿನಕ್ಕೊಂದು ಪೈಂಟ್ (ಅರ್ಧ ಲೀಟರಿಗಿಂತ ತುಸು ಹೆಚ್ಚು) ಹಾಲು, ಇಮ್ಮಡಿ ಮೊಟ್ಟೆ, ಕಿತ್ತಳೆ ಬಂದರೆ ಮೊದಲು ಅವರಿಗೆ. ಬಡವರ ಮನೆಗೆ ಆ ಹಾಲು ಉಚಿತ. ಹೀಗೆ ಮಾಡಿದ್ದು ಬಾಂಬು ಬೀಳುತ್ತಿದ್ದ ದೇಶ! ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿ ಶಿಶುಮರಣದ ಪ್ರಮಾಣ ಯುದ್ಧ ಆರಂಭವಾದಾಗಿನದಕ್ಕಿಂತ ಕೆಳಗಿಳಿದಿತ್ತು. ಅಂಗನವಾಡಿಗೆ ಮೊಟ್ಟೆ ಬಂತೇ, ಹಾಲಿನಪುಡಿ ಬಂತೇ ಎಂದು ಊರೂರು ತಿರುಗಿದವಳು ನಾನು. ಆಹಾರ ಸಚಿವ ಲಾರ್ಡ್ ವೂಲ್ಟನ್‌ರ ಈ ಕೆಲಸಕ್ಕೆ ಯಾವ ಭಾಷಣವನ್ನೂ ಸಾಟಿ ಎನ್ನಲಾರೆ.

ಕಾಳಸಂತೆ ಅಲ್ಲೂ ಇತ್ತು. ದುಡ್ಡಿದ್ದವರು ಹೋಟೆಲಿನಲ್ಲಿ ಕೂಪನ್ ಇಲ್ಲದೆಯೇ ಉಣ್ಣುತ್ತಿದ್ದರು. ಜನ ಸಿಟ್ಟಿಗೆದ್ದ ಮೇಲೆ 1942ರಲ್ಲಿ ಒಂದು ಊಟಕ್ಕೆ 5 ಶಿಲ್ಲಿಂಗ್ ಮಿತಿ ಹಾಕಿದರು. ದೊಡ್ಡ ಹೋಟೆಲುಗಳು ಅದನ್ನು ಮೀರುವ ದಾರಿ ಹುಡುಕಿಕೊಂಡವು, ನಿಜ. ಆದರೂ ಎಲ್ಲರೂ ಒಂದೇ ಸಾಲಿನಲ್ಲಿದ್ದೇವೆ ಎಂಬ ನಂಬಿಕೆ ಬಹುಪಾಲು ಉಳಿಯಿತು. ಸಾಲಿನಲ್ಲಿ ನಿಂತವರು ತಮ್ಮ ಪಾಲು ಕಡಿಮೆ ಎಂದು ಸಿಟ್ಟಾಗುವುದಿಲ್ಲ, ಪಕ್ಕದವನಿಗೆ ಹಿಂಬಾಗಿಲಿನಿಂದ ಹೆಚ್ಚು ಹೋಗುತ್ತಿದೆ ಎಂದರೆ ಸಿಟ್ಟಾಗುತ್ತಾರೆ. ನ್ಯಾಯಬೆಲೆ ಅಂಗಡಿಗಳ ಮುಂದೆ ಇದನ್ನು ನೂರಾರು ಸಲ ಕಂಡಿದ್ದೇನೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾದೀತು. ತನ್ನ ಬಾಣಂತಿಯರಿಗೆ ಹಾಲು ಅಳೆದು ಕೊಡುತ್ತಿದ್ದ ಅದೇ ಸರ್ಕಾರ 1943ರಲ್ಲಿ ಕ್ಷಾಮಕ್ಕೆ ಸಿಕ್ಕಿದ ಬಂಗಾಳವನ್ನೂ ಆಳುತ್ತಿತ್ತು. ವೈಸ್‌ರಾಯ್ ವೇವೆಲ್ ಮತ್ತೆ ಮತ್ತೆ ಧಾನ್ಯ ಕೇಳಿದರು. ಲಂಡನ್ನಿನ ಯುದ್ಧ ಸಂಪುಟ ಹಡಗಿಲ್ಲವೆಂದು, ಕೇಳಿದ್ದರಲ್ಲಿ ಸ್ವಲ್ಪವನ್ನಷ್ಟೇ ಕಳಿಸಿತು. ಆ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷ ಎಂಬುದು ಹೆಚ್ಚಿನ ಇತಿಹಾಸಕಾರರ ಅಂದಾಜು. ಪಡಿತರ ನಡೆಸಲು ಬಾರದವರಲ್ಲ ಅವರು; ಬಣ್ಣಬಣ್ಣದ ಪುಸ್ತಕ ಅಚ್ಚು ಹಾಕಿಸಿ ಕೂಸುಗಳ ಲೆಕ್ಕ ಇಟ್ಟವರು.

ಮುಂದಿನ ಸಲ ಯುದ್ಧಕಾಲದ ಬ್ರಿಟನ್ ಬಗ್ಗೆ ಲೇಖನ ಪ್ರಕಟಿಸುವಾಗ ಹಸಿರು ಪುಸ್ತಕಕ್ಕೆ ದಯವಿಟ್ಟು ನಾಲ್ಕು ಸಾಲು ಜಾಗ ಕೊಡಿ. ಅದರ ಪಕ್ಕದಲ್ಲೇ ಇದನ್ನೂ ಬರೆಯಿರಿ: ಕಲ್ಕತ್ತೆಗೆ ಪಡಿತರ ವ್ಯವಸ್ಥೆ ಬಂದದ್ದು 1944ರಲ್ಲಿ, ಜನ ಅಲ್ಲಿನ ಬೀದಿಗಳಲ್ಲಿ ಬಿದ್ದು ಸತ್ತ ಮೇಲೆ.

— ನಿವೃತ್ತ ಆಹಾರ ನಿರೀಕ್ಷಕಿ, ದಾವಣಗೆರೆ