ಅಪಾಯದ ಫಂಕ್ಷನ್‌ಗಳನ್ನು ಕಂಪೈಲರೇ ತಡೆಯಲಿ

ಮಾನ್ಯರೆ,

ಸಾಫ್ಟ್‌ವೇರ್ ಸುರಕ್ಷತೆಯ ಮಾತು ಬಂದಾಗಲೆಲ್ಲ ‘ಸಿ ಬಿಟ್ಟು ರಸ್ಟ್ ಹಿಡಿಯಿರಿ’ (ಎರಡೂ ಪ್ರೋಗ್ರಾಮಿಂಗ್ ಭಾಷೆಗಳು) ಎಂಬ ಸಲಹೆ ಕೇಳಿಬರುತ್ತದೆ. ಲಕ್ಷಗಟ್ಟಲೆ ಸಾಲಿನ ಹಳೆಯ ಕೋಡ್ ಕಟ್ಟಿಕೊಂಡವರಿಗೆ ಅದು ಸದ್ಯಕ್ಕೆ ಆಗದ ಮಾತು. ಆದರೆ ರಸ್ಟ್‌ನ ಒಂದು ಸೌಲಭ್ಯವನ್ನು ಸಿ ಬರೆಯುವವರು ಇಂದೇ ಎರವಲು ಪಡೆಯಬಹುದು. ಅಲ್ಲಿ ಕ್ರೇಟಿನ, ಅಂದರೆ ಒಂದು ಕೋಡ್ ಘಟಕದ, ಮೊದಲಲ್ಲೇ ‘ಫರ್ಬಿಡ್ ಅನ್‌ಸೇಫ್ ಕೋಡ್’ ಎಂದು ಬರೆದರೆ ಭಾಷೆಯ ಸುರಕ್ಷತಾ ತಪಾಸಣೆಯನ್ನು ಸಡಿಲಿಸುವ ಅನ್‌ಸೇಫ್ ಬ್ಲಾಕ್ ಕಂಪೈಲೇ ಆಗದು. ‘ಡಿನೈ’ ಎಂದರೆ ಸಾಲದು, ಒಳಗೊಂದು ಕಡೆ ‘ಅಲೌ’ ಬರೆದು ಅದನ್ನು ಮೀರಬಹುದು.

ಜಿಸಿಸಿ, ಕ್ಲ್ಯಾಂಗ್ ಎಂಬ ಸಿ ಕಂಪೈಲರ್‌ಗಳಲ್ಲಿ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶಗಳಲ್ಲಿ) ಇದಕ್ಕೆ ಹತ್ತಿರವಾದದ್ದು ‘ಪ್ರಾಗ್ಮಾ ಜಿಸಿಸಿ ಪಾಯ್ಸನ್’. ಇದಕ್ಕೆ ಕೊಟ್ಟ ಹೆಸರನ್ನು ಮುಂದೆ ಕೋಡಿನಲ್ಲಿ ಬಳಸಿದರೆ ಕಂಪೈಲರ್ ಎರರ್ ಕೊಡುತ್ತದೆ. ಒಂದು ಹೆಡರ್ ಫೈಲಿನಲ್ಲಿ (ಬೇರೆ ಫೈಲುಗಳಿಗೆ ಸೇರಿಸುವ ಘೋಷಣೆಗಳ ಫೈಲಿನಲ್ಲಿ) ಮೊದಲು ಎಸ್‌ಟಿಡಿಐಒ, ಸ್ಟ್ರಿಂಗ್ ಹೆಡರ್‌ಗಳನ್ನು ಸೇರಿಸಿ, ಅದರ ಕೆಳಗೆ, ಜಾಗ ಸಾಲುವುದೇ ಎಂದು ನೋಡದೆ ಅಕ್ಷರಗಳನ್ನು ಬರೆಯುವ ಫಂಕ್ಷನ್‌ಗಳಾದ ಗೆಟ್ಸ್, ಸ್ಟ್ರ್‌ಕಾಪಿ, ಸ್ಟ್ರ್‌ಕ್ಯಾಟ್, ಎಸ್‌ಪ್ರಿಂಟ್‌ಎಫ್ ಹೆಸರುಗಳನ್ನು ಪಾಯ್ಸನ್ ಮಾಡಿ. ಈ ಕ್ರಮ ತಪ್ಪಿದರೆ ಸ್ಟ್ರಿಂಗ್ ಹೆಡರಿನಲ್ಲಿರುವ ಘೋಷಣೆಗೇ ಎರರ್ ಬರುತ್ತದೆ. ಬಳಿಕ ಮೇಕ್‌ಫೈಲಿನಲ್ಲಿ (ಯಾವ ಫೈಲನ್ನು ಹೇಗೆ ಕಂಪೈಲ್ ಮಾಡಬೇಕೆಂದು ಬರೆದಿಡುವ ಫೈಲಿನಲ್ಲಿ) ‘-ಇನ್‌ಕ್ಲೂಡ್’ ಆಯ್ಕೆಯಿಂದ ಈ ಹೆಡರನ್ನು ಎಲ್ಲ ಫೈಲುಗಳಿಗೂ ಹೇರಿ. ಒಮ್ಮೆ ಪಾಯ್ಸನ್ ಆದ ಹೆಸರನ್ನು ಅದೇ ಫೈಲಿನಲ್ಲಿ ಬಿಡಿಸಿಕೊಳ್ಳುವ ದಾರಿಯಿಲ್ಲ. ಅದೇ ಇದರ ಬಲ. ವಿನಾಯಿತಿ ಬೇಕಾದ ಫೈಲನ್ನು ಮೇಕ್‌ಫೈಲಿನಲ್ಲೇ ಹೆಸರಿಸಬೇಕಾಗುತ್ತದೆ, ಹಾಗಾಗಿ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಎರರ್ ಹೋದರೆ ಸಾಕೆಂದು ಸ್ಟ್ರ್‌ಕಾಪಿ ಇದ್ದಲ್ಲಿ ಸ್ಟ್ರ್‌ಎನ್‌ಕಾಪಿ (ಇಷ್ಟೇ ಬೈಟು ಎಂಬ ಮಿತಿಯೊಂದಿಗೆ ನಕಲಿಸುವ ಫಂಕ್ಷನ್) ತುಂಬುತ್ತಾರೆ. 16 ಬೈಟಿನ ಬಫರಿಗೆ (ಅಕ್ಷರಗಳನ್ನಿಡುವ ಜಾಗಕ್ಕೆ) 16 ಇಂಗ್ಲಿಷ್ ಅಕ್ಷರಗಳ ಹೆಸರು ಬಂದರೆ ಅದು ಪಠ್ಯ ಮುಗಿಯಿತೆಂದು ತಿಳಿಸುವ ಕೊನೆಯ ಶೂನ್ಯ ಬೈಟನ್ನು ಬರೆಯುವುದೇ ಇಲ್ಲ. ಮುಂದೆ ಉದ್ದ ಎಣಿಸುವ ಸ್ಟ್ರ್‌ಲೆನ್ ಬಫರಿನಾಚೆಗೂ ಓದುತ್ತಾ ಹೋಗುತ್ತದೆ. ಆದ್ದರಿಂದ ಸ್ಟ್ರ್‌ಎನ್‌ಕಾಪಿಯನ್ನೂ ಆ ಪಟ್ಟಿಗೆ ಸೇರಿಸಿ, ಎಸ್‌ಎನ್‌ಪ್ರಿಂಟ್‌ಎಫ್ ಬಳಸಿ. ಅದು 15 ಅಕ್ಷರ ಬರೆದು ಶೂನ್ಯ ಹಾಕುತ್ತದೆ, ಆದರೆ ಹಿಂದಿರುಗಿಸುವುದು ಪೂರ್ತಿ ಹೆಸರಿನ ಉದ್ದವಾದ 16. ಉತ್ತರ 16ಕ್ಕಿಂತ ಹೆಚ್ಚೇ ಎಂದು ಮಾತ್ರ ನೋಡಿದರೆ ಈ ತುಂಡಾದ ಹೆಸರು ನುಸುಳಿಬಿಡುತ್ತದೆ. ‘ಹೆಚ್ಚು ಅಥವಾ ಸಮ’ ಎಂದೇ ಪರೀಕ್ಷಿಸಬೇಕು.

ಇನ್ನೊಂದು ಅಪಾಯವಾದ, ಪ್ರೋಗ್ರಾಂ ಓಡುವಾಗ ಅಳತೆ ನಿರ್ಧಾರವಾಗುವ ಅರೇಗಳಿಗೆ (ಮೌಲ್ಯಗಳ ಸಾಲುಗಳಿಗೆ) ‘-ಡಬ್ಲ್ಯುವಿಎಲ್‌ಎ’ ಎಚ್ಚರಿಕೆಯಿದೆ. ಅದನ್ನು ಎರರ್ ಆಗಿಸಿ. ಲಿನಕ್ಸ್ ಕರ್ನಲ್ 2018ರಲ್ಲಿ ಇಂಥ ಅರೇಗಳನ್ನು ಪೂರ್ತಿ ಕೈಬಿಟ್ಟಿತು.

ಪಾಯ್ಸನ್‌ಗೂ ಮಿತಿಗಳಿವೆ. ಅದಕ್ಕೂ ಮೊದಲೇ ಬರೆದ ಮ್ಯಾಕ್ರೊದೊಳಗಿನ (ಕಂಪೈಲಿಗೆ ಮುನ್ನ ಬೇರೆ ಕೋಡಾಗಿ ಬದಲಾಗುವ ಹೆಸರಿನೊಳಗಿನ) ಸ್ಟ್ರ್‌ಕಾಪಿ ಅದರ ಕೈಗೆ ಸಿಗದು, ಕಂಪೈಲ್ ಆಗಿ ಬಂದ ಲೈಬ್ರರಿಯಂತೂ ಇಲ್ಲವೇ ಇಲ್ಲ. ಸಿ ಶಾರ್ಪ್ ಎಂಬ ಇನ್ನೊಂದು ಭಾಷೆಯಲ್ಲಿ ಅನ್‌ಸೇಫ್ ಕೋಡಿಗೆ ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲೇ ಅನುಮತಿ ಕೊಡಬೇಕು, ಕೊಡದಿದ್ದರೆ ಕಂಪೈಲರ್ ಒಪ್ಪದು. ಸಿ ಕಂಪೈಲರ್ ರೂಪಿಸುವವರು ಪಾಯಿಂಟರ್ ಅಂಕಗಣಿತವನ್ನೂ (ಮೆಮೊರಿ ವಿಳಾಸವನ್ನು ಕೂಡಿ ಕಳೆದು ಸರಿಸುವುದನ್ನೂ) ಹಿಡಿಯಬಲ್ಲ ಇಂಥದೇ ಒಂದು ಆಯ್ಕೆಯನ್ನು ಕೊಡಬೇಕು.

– ಒಬ್ಬ ಪ್ರೋಗ್ರಾಮರ್